ಕೈ ಒಂದು ಕಡೆ, ಮನಸ್ಸು ಹತ್ತು ಕಡೆ

ಒಂದು ದಿನ ಒಲೆ ಮೇಲೆ ನೀರಿಟ್ಟು, ಅದು ಕಾಯುವಷ್ಟರಲ್ಲಿ ಬಟ್ಟೆ ಮಡಚೋಣ ಅಂತ ಹೋದೆ. ನಾಲ್ಕು ಬಟ್ಟೆ ಮಡಚಿದ್ದೆನೋ ಇಲ್ಲವೋ, ಕರೆಂಟ್ ಬಿಲ್ ಕಟ್ಟಿಲ್ಲ ಅಂತ ನೆನಪಾಯಿತು. ಬಿಲ್ ಹುಡುಕಲು ಹೋದವಳ ಕೈಗೆ ಮೊಮ್ಮಗನ ಗುಂಡಿ ಕಿತ್ತ ಅಂಗಿ ಸಿಕ್ಕಿತು. ಸೂಜಿ ಹುಡುಕುತ್ತಿರುವಾಗ ಸೀದ ವಾಸನೆ! ನೀರೆಲ್ಲ ಬತ್ತಿ ಪಾತ್ರೆಯ ತಳ ಕಪ್ಪಾಗಿತ್ತು. ಬಟ್ಟೆ, ಬಿಲ್, ಗುಂಡಿ ಎಲ್ಲವೂ ಇದ್ದಲ್ಲೇ ಇದ್ದವು. ಸುಸ್ತು ಮಾತ್ರ ಆಗಿತ್ತು.

ಮುಗಿದ ಕೆಲಸಕ್ಕಿಂತ ಅರ್ಧಕ್ಕೆ ನಿಂತ ಕೆಲಸವೇ ಜಾಸ್ತಿ ನೆನಪಿನಲ್ಲಿ ಉಳಿಯುತ್ತದೆ ಅಂತ ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲೇ ಬರೆದಿದ್ದರಂತೆ. ಓದಿದಾಗ ನನಗೇನೂ ಆಶ್ಚರ್ಯ ಆಗಲಿಲ್ಲ. ರಾತ್ರಿ ಮಲಗಿದ ಮೇಲೆ ಬಂದು ಕಾಡುವುದು ಅವೇ ಅಲ್ವಾ?

ಅದಕ್ಕೇ ಈಗ ಮಲಗುವ ಮುಂಚೆ ತಲೆಯಲ್ಲಿರುವುದನ್ನೆಲ್ಲ ಒಂದು ಚೀಟಿಗೆ ಇಳಿಸಿಬಿಡುತ್ತೇನೆ. ಚೆಂದವಾಗಿ ಬರೆಯಬೇಕಿಲ್ಲ, ಆದರೆ ಬಿಡಿಸಿ ಬರೆಯಬೇಕು. ‘ಮನೆ ಕ್ಲೀನ್’ ಅಂತ ಬರೆದರೆ ಅದನ್ನು ನೋಡಿಯೇ ಕೈಕಾಲು ಸೋಲುತ್ತದೆ. ‘ಕಪಾಟಿನ ಮೇಲಿನ ಖಾನೆ ಒರೆಸುವುದು’ ಅಂತ ಬರೆಯಿರಿ. ಹತ್ತು ನಿಮಿಷದ ಕೆಲಸ, ಮುಗಿದದ್ದು ಕಣ್ಣಿಗೆ ಕಾಣುತ್ತದೆ. ಬೆಳಗ್ಗೆ ಎದ್ದು ಅದರಲ್ಲಿ ಮೂರಕ್ಕೆ ಮಾತ್ರ ಗುರುತು ಹಾಕಿ. ಉಳಿದವು ಚೀಟಿಯಲ್ಲೇ ಇರಲಿ, ಎಲ್ಲೂ ಓಡಿಹೋಗುವುದಿಲ್ಲ. ಕೆಲಸದ ಮಧ್ಯೆ ಇನ್ನೊಂದು ನೆನಪಾದರೆ ಎದ್ದು ಹೋಗಬೇಡಿ. ಚೀಟಿಗೆ ಸೇರಿಸಿ, ಕೈಯಲ್ಲಿರುವುದನ್ನು ಮುಂದುವರಿಸಿ.

ಆದರೂ ಎದೆ ಡವಡವ ಅನ್ನುವ ಹೊತ್ತು ಬಂದೇ ಬರುತ್ತದೆ. ಆಗ ಚೀಟಿ ಕೆಲಸಕ್ಕೆ ಬರುವುದಿಲ್ಲ. ನಾಲ್ಕು ಎಣಿಸುವಷ್ಟು ಉಸಿರು ಎಳೆದುಕೊಳ್ಳಿ, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ಉಸಿರು ಬಿಡುವಾಗ ಎದೆ ಬಡಿತ ಕೊಂಚ ನಿಧಾನವಾಗುತ್ತದೆ, ಅದಕ್ಕೇ ಬಿಡುವುದು ಉದ್ದವಿರಬೇಕು. ಐದಾರು ಸಲ ಸಾಕು. ಆಮೇಲೆ ಪಾತ್ರೆ ತೊಳೆಯುವುದಿದ್ದರೆ ಪಾತ್ರೆಯನ್ನಷ್ಟೇ ತೊಳೆಯಿರಿ. ನೀರು ತಣ್ಣಗಿದೆಯಾ, ಜಿಡ್ಡು ಹೋಯಿತಾ ಅಂತ ಬೆರಳಲ್ಲಿ ನೋಡುತ್ತಾ ಹೋಗಿ. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ವಾರಗಟ್ಟಲೆ ನಿದ್ದೆಯೇ ಬರದಿದ್ದರೆ ಮಾತ್ರ ಸುಮ್ನೆ ಸಹಿಸಿಕೊಂಡು ಕೂರಬೇಡಿ, ಡಾಕ್ಟರಿಗೆ ತೋರಿಸಿ.

ನನಗೆ ಕಲಿಯಲು ಬಹಳ ವರ್ಷ ಹಿಡಿದದ್ದು ಇನ್ನೊಂದಿದೆ. ಕೆಲಸ ಹಂಚಿಕೊಟ್ಟರೆ ಪೂರ್ತಿ ಕೊಟ್ಟುಬಿಡಬೇಕು. ಅವರು ಮಾಡಿದ್ದನ್ನು ಹಿಂದಿನಿಂದ ಹೋಗಿ ಸರಿಮಾಡುತ್ತಾ ಕೂತರೆ ಹೊರೆ ಎಲ್ಲಿ ಇಳಿಯಿತು? ನಮ್ಮ ಯಜಮಾನರು ಮಡಚಿದ ಟವೆಲ್‌ಗಳು ಇವತ್ತಿಗೂ ಸೊಟ್ಟಗೇ ಇರುತ್ತವೆ. ನಾನು ಕಪಾಟಿನ ಬಾಗಿಲು ಮುಚ್ಚಿಬಿಡುತ್ತೇನೆ.