ತಾಯಿ ಹೆಸರಿನ ಕಾಲಂ ಖಾಲಿ

ಆ ಪುಟದಲ್ಲಿ ಯಾರ ಸಹಾಯವೂ ಇಲ್ಲದೆ ನನಗೆ ಅರ್ಥವಾದ ಮೊದಲ ಪದ ‘ವಿದುವಾ’. ಲ್ಯಾಟಿನ್ ಗಂಧವೇ ಇಲ್ಲದ ನಾನು, ಇದು ನಮ್ಮ ‘ವಿಧವಾ’ ಇದ್ದ ಹಾಗಿದೆಯಲ್ಲ ಅಂದುಕೊಂಡೆ. ನೋಡಿದರೆ ಅದೇ! ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ನಂಟಿದೆ ಅಂತ ಕೇಳಿದ್ದೆ. ಆದರೆ 17ನೇ ಶತಮಾನದ ಇಂಗ್ಲಿಷ್ ಹಳ್ಳಿಯೊಂದರ ಸಾವಿನ ಪಟ್ಟಿಯಲ್ಲಿ ಆ ನಂಟು ಹೀಗೆ ಎದುರಾಗುತ್ತದೆ ಅಂತ ಯಾರಿಗೆ ಗೊತ್ತಿತ್ತು?

ನಾನಿರುವುದು ಇಂಗ್ಲೆಂಡಿನ ನಡುಭಾಗದಲ್ಲಿ, ಹೊಟ್ಟೆಪಾಡಿಗೆ ಡೇಟಾಬೇಸ್ ಕೆಲಸ. 2020ರ ಲಾಕ್‌ಡೌನಿನಲ್ಲಿ ಸಂಜೆ ಕಳೆಯುವುದೇ ಕಷ್ಟವಾದಾಗ ಹಳೇ ಚರ್ಚ್ ರಿಜಿಸ್ಟರುಗಳನ್ನು ಟೈಪ್ ಮಾಡುವ ಸ್ವಯಂಸೇವಕರ ಗುಂಪಿಗೆ ಸೇರಿಕೊಂಡೆ. ಪುಟಗಳ ಚಿತ್ರ ಕಳಿಸುತ್ತಾರೆ, ನಾವು ಒಂದೊಂದೇ ಸಾಲು ಓದಿ ಶೀಟಿಗೆ ತುಂಬಬೇಕು. ಒಂದೇ ನಿಯಮ: ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ, ಊಹೆ ಮಾಡಬೇಡಿ.

ಈ ಪುಸ್ತಕಗಳ ಮೂಲ 1538ರ ಒಂದು ಆಜ್ಞೆ. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್, ಪ್ರತಿ ಚರ್ಚಿನಲ್ಲೂ ದೀಕ್ಷಾಸ್ನಾನ, ಮದುವೆ, ಹೂಳಿದ್ದು ಮೂರನ್ನೂ ವಾರವಾರ ಬರೆದಿಡಬೇಕು ಅಂದ. ಆ ಪುಸ್ತಕ ಇಡುವ ಪೆಟ್ಟಿಗೆಗೆ ಎರಡು ಬೀಗ, ಒಂದು ಕೀಲಿ ಪಾದ್ರಿಯ ಹತ್ತಿರ, ಇನ್ನೊಂದು ವಾರ್ಡನ್‌ಗಳ, ಅಂದರೆ ಊರಿನ ಪರವಾಗಿ ಚರ್ಚನ್ನು ನೋಡಿಕೊಳ್ಳುವವರ ಹತ್ತಿರ. ಬರೆಯದಿದ್ದರೆ ಮೂರು ಶಿಲಿಂಗ್ ನಾಲ್ಕು ಪೆನ್ಸ್ ದಂಡ. ಇದು ತೆರಿಗೆ ಹಾಕುವ ಹುನ್ನಾರ ಅಂತ ಜನ ಗುಮಾನಿಪಟ್ಟರು. ಪೂರ್ತಿ ಸುಳ್ಳೇನಲ್ಲ, 1783ರಲ್ಲಿ ಪ್ರತಿ ನಮೂದಿಗೂ ಮೂರು ಪೆನ್ಸ್ ಸುಂಕ ಬಂದೇ ಬಂತು. ಕ್ರಾಮ್‌ವೆಲ್‌ನ ತಲೆ 1540ರಲ್ಲೇ ಉರುಳಿತು, ಅವನ ಆಜ್ಞೆ ಉಳಿಯಿತು.

ಮೊದಮೊದಲು ಬರೆದದ್ದು ಕಾಗದದ ಮೇಲೆ. ಅದು ಬಾಳಿಕೆ ಬರುವುದಿಲ್ಲ ಅಂತ 1598ರಲ್ಲಿ ಎಲ್ಲವನ್ನೂ ಚರ್ಮದ ಹಾಳೆಗೆ ನಕಲು ಮಾಡಿಸಿದರು. ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದಲ್ಲಿಂದ ಮಾಡಿದರೂ ಸಾಕು ಅನ್ನುವ ಧಾಟಿಯಲ್ಲಿ ಆ ಆದೇಶವಿತ್ತು. ಹಾಗಾಗಿ ಬೇಕಾದಷ್ಟು ಊರುಗಳ ಚರಿತ್ರೆ 1558ಕ್ಕೆ ಶುರುವಾಗುತ್ತದೆ. ಅದಕ್ಕೂ ಹಿಂದಿನ ಇಪ್ಪತ್ತು ವರ್ಷ ಒಬ್ಬ ನಕಲುಗಾರನ ಸೋಮಾರಿತನಕ್ಕೆ ಬಲಿ. ಸ್ಟ್ರಾಟ್‌ಫರ್ಡ್‌ನಲ್ಲಿ 1564ರ ಏಪ್ರಿಲ್ 26ರಂದು ಷೇಕ್ಸ್‌ಪಿಯರ್‌ಗೆ ದೀಕ್ಷೆ ಕೊಟ್ಟ ಸಾಲನ್ನು ಜನ ಭಕ್ತಿಯಿಂದ ನೋಡುತ್ತಾರಲ್ಲ, ಅದೂ ಇಂಥ ನಕಲೇ. ಅದೇ ವರ್ಷ ಜುಲೈ 11ರಂದು, ಸತ್ತ ಒಬ್ಬ ಕೆಲಸ ಕಲಿಯುವ ಹುಡುಗನ ಹೆಸರಿನ ಪಕ್ಕ ಲ್ಯಾಟಿನ್‌ನಲ್ಲಿ ಮೂರು ಪದ ಇವೆ: ಇಲ್ಲಿಂದ ಪ್ಲೇಗು ಶುರು. ಎಳೆಗೂಸು ಷೇಕ್ಸ್‌ಪಿಯರ್ ಅದೇ ಊರಲ್ಲಿದ್ದ.

ಕೈಬರಹ ನನ್ನನ್ನು ಎರಡು ತಿಂಗಳು ಆಟ ಆಡಿಸಿತು. ಸೆಕ್ರೆಟರಿ ಹ್ಯಾಂಡ್ ಅನ್ನುತ್ತಾರೆ. ಅದರಲ್ಲಿ ಇಂಗ್ಲಿಷಿನ ‘ಇ’ ಬೆನ್ನು ತಿರುಗಿಸಿ ನಿಂತಿರುತ್ತದೆ, ‘ಸಿ’ ನೋಡಿದರೆ ‘ಆರ್’ ಅನ್ನಿಸುತ್ತದೆ, ‘ಹೆಚ್’ ಗೆರೆಯ ಕೆಳಗೆ ಬಾಲ ಇಳಿಬಿಟ್ಟಿರುತ್ತದೆ. ನಮ್ಮ ಶಾನುಭೋಗರ ಮೋಡಿ ಅಕ್ಷರ ಕಂಡವರಿಗೆ ಈ ಸಂಕಟ ಹೇಳಬೇಕಾಗಿಲ್ಲ. ಪುಸ್ತಕದಲ್ಲಿ ಕೊಟ್ಟ ಅಕ್ಷರಮಾಲೆ ನಂಬಿಕೊಂಡು ಕೂತರೆ ಆಗುವುದಿಲ್ಲ. ಬರೆದವನೇ ಪುಟಪುಟಕ್ಕೂ ಬರೆಯುವ ಪದಗಳನ್ನು, ಅಂದರೆ ತಿಂಗಳ ಹೆಸರು, ‘ಮಗಳು’, ‘ಹೂಳಲಾಯಿತು’ ಇಂಥವನ್ನು ಹಿಡಿದು, ಅವನ ಕೈಯ ಅಕ್ಷರಗಳನ್ನೇ ಒಂದು ಹಾಳೆಗೆ ಇಳಿಸಿಕೊಂಡೆ. ಅಲ್ಲಿಂದ ದಾರಿ ಸುಗಮವಾಯಿತು. ಆದರೂ ಕ್ರಿಸ್ಟೋಫರ್ ಎಂಬ ಹೆಸರನ್ನು ‘ಎಕ್ಸ್’, ‘ಪಿ’ ಹಾಕಿ ಚುಟುಕಾಗಿ ಬರೆಯುತ್ತಿದ್ದರು ಅಂತ ತಿಳಿಯುವುದಕ್ಕೆ ಎರಡು ಸಂಜೆ ಹೋದವು.

ತಾರೀಖಿನಲ್ಲಿ ಮಾತ್ರ ಚೆನ್ನಾಗಿ ಬೇಸ್ತುಬಿದ್ದೆ. ಏಳರ ಅಂಕಿ ಬರೆದು ‘ಬರ್’ ಸೇರಿಸಿದ್ದನ್ನು ಜುಲೈ ಅಂತ ತುಂಬುತ್ತಾ ಹೋದೆ. ಅದು ಸೆಪ್ಟೆಂಬರ್. ಸೆಪ್ಟ ಅಂದರೆ ಸಪ್ತ, ಮಾರ್ಚಿನಿಂದ ಎಣಿಸಿದರೆ ಏಳನೆಯದು. ಆಗಲಾದರೂ ನನಗೆ ಹೊಳೆಯಬೇಕಿತ್ತು. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ವರ್ಷ ಬದಲಾಗುತ್ತಿದ್ದದ್ದೇ ಮಾರ್ಚ್ 25ಕ್ಕೆ, ಹೆಚ್ಚುಕಮ್ಮಿ ನಮ್ಮ ಯುಗಾದಿಯ ಹೊತ್ತಿಗೆ. ಹೊಳೆಯಲಿಲ್ಲ. ಒಬ್ಬ ನೇಕಾರನ ಮದುವೆ ಮೇ 1621, ಅವನ ಮೊದಲ ಮಗುವಿನ ದೀಕ್ಷೆ ಫೆಬ್ರವರಿ 1621. ಎಕ್ಸೆಲ್‌ಗೆ 1900ಕ್ಕಿಂತ ಹಿಂದಿನ ತಾರೀಖು ತಾರೀಖೇ ಅಲ್ಲ, ಹಾಗಾಗಿ ವರ್ಷ, ತಿಂಗಳು, ದಿನಕ್ಕೆ ಬೇರೆಬೇರೆ ಕಾಲಂ ಮಾಡಿ ಸಾರ್ಟ್ ಕೊಟ್ಟೆ. ಮಗು ಮದುವೆಗಿಂತ ಮೇಲೆ ಬಂದು ಕೂತಿತು. ಏನೋ ದೊಡ್ಡ ಗುಟ್ಟು ಪತ್ತೆಮಾಡಿದವನಂತೆ ನಮ್ಮ ಗುಂಪಿನ ಹಿರಿಯರಿಗೆ ಮೇಲ್ ಹಾಕಿದೆ. ಉತ್ತರದಲ್ಲಿ ಇದ್ದದ್ದು ಇಷ್ಟೇ: ‘ಮಾರ್ಚ್ 25’. ಆ ಫೆಬ್ರವರಿ ನಮ್ಮ ಲೆಕ್ಕದಲ್ಲಿ 1622ರದ್ದು. ಒಂಬತ್ತು ತಿಂಗಳಿಗೆ ಸರಿಯಾಗಿ ಹುಟ್ಟಿದ ಮಗುವಿಗೆ, ನಾಲ್ಕುನೂರು ವರ್ಷ ಕಳೆದ ಮೇಲೆ ನಾನು ಕಳಂಕ ಹಚ್ಚಲು ಹೊರಟಿದ್ದೆ.

ಆ ನಾಚಿಕೆಗೋ ಏನೋ, ಆ ಮನೆಯನ್ನು ಬಿಡಲಾಗಲಿಲ್ಲ. ನೇಕಾರನ ಮಕ್ಕಳು ಎರಡೂವರೆ ವರ್ಷಕ್ಕೊಂದರಂತೆ ಬರುತ್ತವೆ. ಒಂದು ಕಡೆ ಮಾತ್ರ ಹದಿನಾಲ್ಕೇ ತಿಂಗಳ ಅಂತರ. ಹೂಳಿದವರ ಪಟ್ಟಿ ತಿರುವಿದರೆ ಹಿಂದಿನ ಕೂಸು ಮೂರನೇ ವಾರಕ್ಕೇ ಹೋಗಿದೆ. ಮೊಲೆಹಾಲು ನಿಂತರೆ ಬೇಗ ಬಸಿರಾಗುತ್ತದೆ ಅಂತ ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಹೋದ ಮಗುವಿನ ಹೆಸರನ್ನೇ ಮುಂದಿನದಕ್ಕೆ ಇಟ್ಟಿದ್ದಾರೆ. ಅದೂ ಆ ಕಾಲದ ರೂಢಿ.

ಇಷ್ಟೆಲ್ಲ ಇದ್ದರೂ ಹೆತ್ತವಳು ಎಲ್ಲಿ? ಪ್ರತಿ ಸಾಲಿನಲ್ಲೂ ಇಂಥವನ ಮಗ, ಇಂಥವನ ಮಗಳು. 1634ರಲ್ಲಿ ಒಂದು ದೀಕ್ಷೆ, ಅದಾಗಿ ಮೂರನೇ ದಿನ ಒಂದು ಮಣ್ಣು: ‘ಉಕ್ಸಾರ್’, ಇಂಥವನ ಹೆಂಡತಿ. ಅಷ್ಟೇ. ನಾಲ್ಕು ತಿಂಗಳಿಗೆ ನೇಕಾರನ ಎರಡನೇ ಮದುವೆ. ಕೈಗೂಸು ಇಟ್ಟುಕೊಂಡು ಮಗ್ಗ ನಡೆಸುವವನು ಇನ್ನೇನು ಮಾಡಿಯಾನು, ನಾನಂತೂ ಅವನನ್ನು ಬೈಯಲಾರೆ.

ಅವಳ ಹೆಸರು ಮದುವೆಯ ಸಾಲಿನಲ್ಲಿ ಒಂದೇ ಒಂದು ಸಲ ಬಂದಿದೆ. ಅದನ್ನು ಹಿಡಿದು ಹಿಂದೆ ಹೋದೆ. ಅದೇ ಹೆಸರಿನ ಮೂರು ಹುಡುಗಿಯರು ಸಿಕ್ಕರು. ಒಬ್ಬಳು ಎರಡು ವರ್ಷದ ಕೂಸಾಗಿದ್ದಾಗಲೇ ತೀರಿಕೊಂಡಿದ್ದಾಳೆ. ಇನ್ನೊಬ್ಬಳು ಬೇರೆಯವನನ್ನು ಮದುವೆಯಾಗಿದ್ದಾಳೆ. ಉಳಿದವಳ ದೀಕ್ಷೆ 1595ರದ್ದು. ಅಂದರೆ ಮದುವೆಯಾದಾಗ ಇಪ್ಪತ್ತಾರು. ಹಳೇ ಕಾಲದವರೆಲ್ಲ ಎಳವೆಯಲ್ಲೇ ಮದುವೆಯಾಗುತ್ತಿದ್ದರು ಅಂದುಕೊಂಡಿದ್ದ ನನಗೆ ಇದೂ ನನ್ನ ತಪ್ಪೇ ಅನ್ನಿಸಿತು. ಅಲ್ಲವಂತೆ. ಕೇಂಬ್ರಿಜ್‌ನ ಇತಿಹಾಸಕಾರರು 404 ಊರುಗಳ ಇಂಥ ರಿಜಿಸ್ಟರುಗಳನ್ನು ಎಣಿಸಿ ಇಂಗ್ಲೆಂಡಿನ ಜನಸಂಖ್ಯೆಯ ಲೆಕ್ಕ ಕಟ್ಟಿದ್ದಾರೆ. ಕೆಲವು ಊರುಗಳಲ್ಲಿ ಹೀಗೆಯೇ ಮನೆಮನೆಯನ್ನೂ ಜೋಡಿಸಿ ನೋಡಿದಾಗ ಆಗಿನ ಹೆಣ್ಣುಮಕ್ಕಳ ಮದುವೆಯ ಸರಾಸರಿ ವಯಸ್ಸು ಇಪ್ಪತ್ತೈದು ಇಪ್ಪತ್ತಾರು ಅಂತ ಗೊತ್ತಾಯಿತು. ಹದಿಹರೆಯದಿಂದ ಪರರ ಮನೆಯಲ್ಲಿ ಆಳಾಗಿ ದುಡಿದು, ನಾಲ್ಕು ಕಾಸು ಕೂಡಿದ ಮೇಲೆ ಸಂಸಾರ ಹೂಡುತ್ತಿದ್ದರು.

ನಡುವೆ ನಮ್ಮ ಕಡೆಯವನೊಬ್ಬನೂ ಸಿಕ್ಕ, ನಾನು ಟೈಪ್ ಮಾಡಿದ ಪುಟಗಳಲ್ಲಲ್ಲ, ಲಂಡನ್ನಿನ ಸೇಂಟ್ ಡಯೊನಿಸ್ ಬ್ಯಾಕ್‌ಚರ್ಚ್‌ನ ರಿಜಿಸ್ಟರಿನಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿ ಪ್ಯಾಟ್ರಿಕ್ ಕೋಪ್‌ಲೆಂಡ್ 1614ರಲ್ಲಿ ಮಚಲೀಪಟ್ಟಣದಿಂದ ಕರೆದೊಯ್ದ ಹುಡುಗ. 1616ರ ಡಿಸೆಂಬರ್ 22ರಂದು ದೀಕ್ಷೆಯಾಯಿತು. ಪೀಟರ್ ಅನ್ನುವ ಹೆಸರು ಆರಿಸಿದ್ದು ಸ್ವತಃ ದೊರೆ ಒಂದನೇ ಜೇಮ್ಸ್. ಆ ಚರ್ಚು 1666ರ ಬೆಂಕಿಯಲ್ಲಿ ಸುಟ್ಟಿತು, ಮತ್ತೆ ಕಟ್ಟಿದರು, 1878ರಲ್ಲಿ ಕೆಡವಿದರು. ಸಾಲು ಮಾತ್ರ ಇದೆ. ದೊರೆ ಕೊಟ್ಟ ಹೆಸರಿದೆ, ತಾಯಿ ಕರೆಯುತ್ತಿದ್ದ ಹೆಸರಿಲ್ಲ.

ನೇಕಾರನ ಪುಟಗಳನ್ನು ಕಳಿಸುವ ಮುಂಚೆ ಶೀಟನ್ನು ಇನ್ನೊಮ್ಮೆ ನೋಡಿದೆ. ಆ ಮಕ್ಕಳಷ್ಟೂ ಸಾಲುಗಳಲ್ಲಿ ‘ತಾಯಿಯ ಹೆಸರು’ ಕಾಲಂ ಖಾಲಿ. ಹೆಸರು ನನ್ನ ನೋಟ್‌ಬುಕ್ಕಿನಲ್ಲಿತ್ತು, ತುಂಬಲು ಕೈ ತುರಿಸುತ್ತಿತ್ತು. ಹಿರಿಯರನ್ನು ಕೇಳಿದೆ. ಊಹೂಂ, ಪುಸ್ತಕದಲ್ಲಿ ಇಲ್ಲ ಅಂದಮೇಲೆ ಇಲ್ಲ. ಬೇಕಾದರೆ ಷರಾ ಕಾಲಂನಲ್ಲಿ ಒಂದು ಸಾಲು ಬರೆಯಿರಿ ಅಂದರು. ಪ್ರತಿ ಮಗುವಿನ ಎದುರಿಗೂ, ಅವಳ ಮಣ್ಣಿನ ಸಾಲಿನ ಎದುರಿಗೂ ಬರೆದೆ: ‘ಮೇ 1621ರ ಮದುವೆಯ ನಮೂದು ನೋಡಿ.’