ಆಷಾಢದ ಗಾಳಿಯಲ್ಲಿ ಒಂದು ಕೊಡೆದೀಪ

ಶಿಡ್ಲಘಟ್ಟದ ಸುತ್ತ ರೇಷ್ಮೆಯ ನಂಟಿಲ್ಲದ ಮನೆ ಸಿಗುವುದು ಅಪರೂಪ. ನಮ್ಮ ತಾತ ಚರಕದಲ್ಲಿ ನೂಲು ತೆಗೆಯುತ್ತಿದ್ದವರು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತುಹೋಗಿ, ಪ್ಯಾರಾಚೂಟ್ ಬಟ್ಟೆಗೆಂದು ಮೈಸೂರು ಸೀಮೆಯ ನೂಲಿಗೆ ಬೇಡಿಕೆ ಬಂದದ್ದನ್ನು ಮುಪ್ಪಿನಲ್ಲೂ ಹೇಳಿಕೊಂಡು ಬೀಗುತ್ತಿದ್ದರು. ಪ್ಯಾರಾಚೂಟಿನಲ್ಲಿ ಇಳಿಯುವುದು ಮನುಷ್ಯರು ಎಂದಷ್ಟೇ ನಾನು ತಿಳಿದಿದ್ದೆ. ದೀಪವೂ ಇಳಿಯುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿ ಹತ್ತು ವರ್ಷ ಕಳೆದಿತ್ತು.

ಯುದ್ಧವಿಮಾನಗಳು ಕತ್ತಲಲ್ಲಿ ನೆಲ ಕಾಣಲೆಂದು ಎಸೆಯುತ್ತಿದ್ದ ದೀಪವೆಂದರೆ ಒಂದು ಲೋಹದ ಕೊಳವೆ. ಒಳಗೆ ಮೆಗ್ನೀಸಿಯಮ್ ಪುಡಿ ಮತ್ತು ಸೋಡಿಯಂ ನೈಟ್ರೇಟ್ ಬೆರೆಸಿ ಒತ್ತಿದ ಮುದ್ದೆ, ಅದರ ಜೊತೆಗೆ ಮಡಿಸಿಟ್ಟ ಪ್ಯಾರಾಚೂಟ್. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದವರು ಬಳಸಿದ ಮಾರ್ಕ್ 24 ಎಂಬುದರ ತೂಕ ಸುಮಾರು 12 ಕಿಲೋ, ಬೆಳಕು 20 ಲಕ್ಷ ಕ್ಯಾಂಡೆಲಾ, ಉರಿಯುವುದು ಮೂರು ನಿಮಿಷದ ಆಸುಪಾಸು. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ತಗ್ಗುತ್ತದೆ ಎಂಬ ಪಾಠದ ಲೆಕ್ಕವನ್ನೇ ಹಾಕಿದರೆ, 600 ಮೀಟರ್ ಮೇಲಿಂದಲೂ ನೆಲಕ್ಕೆ ಐದೂವರೆ ಲಕ್ಸ್ ಬೀಳುತ್ತದೆ. ಹುಣ್ಣಿಮೆಯ ಬೆಳಕು ಕಾಲು ಲಕ್ಸ್ ಇದ್ದರೆ ಹೆಚ್ಚು. ಅಂದರೆ ಇಪ್ಪತ್ತು ಹುಣ್ಣಿಮೆ ಒಟ್ಟಿಗೆ! ಈ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ, “ಮಾಡಿ ತೋರಿಸಿ ಸಾರ್” ಎಂದ. ಅಲ್ಲಿಂದ ನನಗೆ ಗೀಳು ಹಿಡಿಯಿತು.

ಮದ್ದಿನ ಗೊಡವೆಗೆ ಹೋಗುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದೆ. ಉರಿಯುವ ಮೆಗ್ನೀಸಿಯಮ್‌ಗೆ ನೀರು ಸುರಿದರೆ ಬೆಂಕಿ ಇನ್ನೂ ಕೆರಳುತ್ತದೆ. 1969ರ ಫೆಬ್ರುವರಿ 24ರ ರಾತ್ರಿ ವಿಯೆಟ್ನಾಮಿನಲ್ಲಿ ಇಂಥ ಒಂದು ಕೊಳವೆ ವಿಮಾನದೊಳಗೇ ಚಾಲೂ ಆಗಿ ಉರುಳಾಡಿತು. ಶೆಲ್ಲಿನ ಚೂರುಗಳು ಹೊಕ್ಕು ಮೈಯೆಲ್ಲ ಗಾಯವಾಗಿದ್ದ ಜಾನ್ ಲೆವಿಟೋ ಎಂಬ ಸಿಬ್ಬಂದಿ ಅದರ ಮೇಲೆ ಬಿದ್ದು, ತಬ್ಬಿ, ತೆವಳುತ್ತ ಬಾಗಿಲಿಗೆ ಒಯ್ದು ಹೊರಕ್ಕೆ ನೂಕಿದ. ನೂಕಿದ ಕ್ಷಣದಲ್ಲೇ ಅದು ಹೊತ್ತಿಕೊಂಡಿತು. ಅವನಿಗೆ ಅಮೆರಿಕದ ಅತ್ಯುನ್ನತ ಸೇನಾ ಪದಕ ಬಂದಿತು. ನನಗೆ ಬರುತ್ತಿದ್ದದ್ದು ಅಮಾನತಿನ ಆದೇಶ. ಹಾಗಾಗಿ 300 ಲೂಮೆನ್‌ನ ಎಲ್‌ಇಡಿ ಟಾರ್ಚ್ ಕೊಂಡು, ಅದರ ಒಳಗನ್ನಡಿ ಕಳಚಿ, ಬೆಳಕು ಸುತ್ತಲೂ ಹರಡಲೆಂದು ಮಂಜುಬಣ್ಣದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಅಂಟಿಸಿದೆ.

ಪ್ಯಾರಾಚೂಟನ್ನು ರೇಷ್ಮೆಯಲ್ಲೇ ಹೊಲಿಸಬೇಕೆಂಬ ಆಸೆಯಿತ್ತು. ತಾತನ ಋಣ. ಜಾರುವ ಆ ಬಟ್ಟೆಯನ್ನು ಎಂಟು ಪಟ್ಟಿಗಳಾಗಿ ಕತ್ತರಿಸಿ ಕೂಡಿಸಲು ನಮ್ಮೂರಿನ ದರ್ಜಿ ಒಪ್ಪಲಿಲ್ಲ. “ಎಂಟು ಪಟ್ಟಿ ಬೇಕಾದರೆ ಹಳೆಯ ಕೊಡೆಯೇ ಇದೆಯಲ್ಲ ಮೇಷ್ಟ್ರೇ” ಎಂದರು. ಆ ಮಾತಿಗೆ ಅವರಿಗೆ ಕೈಮುಗಿಯಬೇಕು. ಕಡ್ಡಿ ಕಿತ್ತ ದೊಡ್ಡ ಕರಿಕೊಡೆಯ ಬಟ್ಟೆ ಒಂದು ಮೀಟರ್ ಅಗಲ ಬಂದಿತು. ಅಂಚಿನ ಎಂಟು ಮೂಲೆಗಳಿಗೆ ಒಂದೊಂದು ಮೀಟರಿನ ದಾರ ಕಟ್ಟಿದೆ. ಟಾರ್ಚ್ ಸೇರಿ ತೂಕ 230 ಗ್ರಾಂ.

ಶಾಲೆಯ ಮಹಡಿಯಿಂದ ಬಿಟ್ಟು ನೋಡಿದರೆ ದೀಪ ಗಡಿಯಾರದ ಲೋಲಕದಂತೆ ತೂಗಾಡಿತು. ಕೊಡೆಯೊಳಗೆ ಸಿಕ್ಕಿಕೊಂಡ ಗಾಳಿ ಒಮ್ಮೆ ಈ ಅಂಚಿನಿಂದ, ಒಮ್ಮೆ ಆ ಅಂಚಿನಿಂದ ನುಸುಳುತ್ತಿತ್ತು. ನೆತ್ತಿಯ ತೂತನ್ನು ಲೋಟದ ಬಾಯಿಯಷ್ಟು ಅಗಲ ಮಾಡಿದ ಮೇಲೆ ತೂಗಾಟ ಬಹುಮಟ್ಟಿಗೆ ನಿಂತಿತು. ಏಳು ಮೀಟರ್ ಇಳಿಯಲು ಮೂರು ಸೆಕೆಂಡಿಗೆ ತುಸು ಕಡಿಮೆ. ಸೇನೆಯವರ ದೀಪಗಳೂ ಹೆಚ್ಚುಕಡಿಮೆ ಇದೇ ವೇಗದಲ್ಲಿ, ಸೆಕೆಂಡಿಗೆ ಎರಡೂವರೆ ಮೀಟರಿನಂತೆ ಇಳಿಯುತ್ತವೆ ಎಂದು ಆಮೇಲೆ ಓದಿ ಒಳಗೊಳಗೇ ಹಿಗ್ಗಿದೆ. ಅವಕ್ಕೆ ಇನ್ನೊಂದು ಅನುಕೂಲವಿದೆ. ಉರಿದಂತೆ ತೂಕ ಇಳಿಯುತ್ತದೆ, ಬಿಸಿಗಾಳಿ ಪ್ಯಾರಾಚೂಟಿನೊಳಗೆ ತುಂಬಿ ಮೇಲಕ್ಕೆ ಎತ್ತುತ್ತದೆ, ಹಾಗಾಗಿ ಹೋಗುತ್ತ ಹೋಗುತ್ತ ಇನ್ನೂ ನಿಧಾನ. ನನ್ನ ಟಾರ್ಚಿಗೆ ಆ ಭಾಗ್ಯವಿಲ್ಲ.

ವಿಮಾನದ ಬದಲು ಗಾಳಿಪಟ. ಆಷಾಢದಲ್ಲಿ ನಮ್ಮ ಕಡೆ ಅದಕ್ಕೆ ಬರವಿಲ್ಲ. ಐದಡಿಯ ಪಟ ಏರಿಸಿ, ಅದರ ದಾರಕ್ಕೆ ಒಂದು ಬಿದಿರು ಸೀಳು ಕಟ್ಟಿ, ಪೌಡರ್ ಹಾಕಿ ಮಡಿಸಿದ ಕೊಡೆಯನ್ನು ಅದರಿಂದ ಹತ್ತಿಯ ನೂಲಿನಲ್ಲಿ ತೂಗುಹಾಕಿದೆ. ಪೌಡರ್ ಇಲ್ಲದಿದ್ದರೆ ಮಡಿಕೆಗಳು ಅಂಟಿಕೊಂಡು ಬಿಚ್ಚುವುದಿಲ್ಲ. ಬಿಡುಗಡೆಗೆ ಊದಿನಕಡ್ಡಿ: ಕೆಂಡ ನೂಲನ್ನು ಮುಟ್ಟಿದಾಗ ನೂಲು ಸುಟ್ಟು ಕೊಡೆ ಬೀಳಬೇಕು, ಕಡ್ಡಿ ಮೇಲೆಯೇ ಉಳಿಯಬೇಕು. ಸೇನೆಯ ಕೊಳವೆಯಲ್ಲಿ ಪ್ಯಾರಾಚೂಟ್ ಹೊರಬೀಳುವುದಕ್ಕೊಂದು, ದೀಪ ಹೊತ್ತುವುದಕ್ಕೊಂದು ಸಮಯ ಇರುತ್ತದೆ. ನಾನು ಟಾರ್ಚನ್ನು ನೆಲದಲ್ಲೇ ಹೊತ್ತಿಸಿ ಕಳಿಸಿದ್ದರಿಂದ ಒಂದು ಸಮಯ ಸಾಕಾಯಿತು. ಆ ಒಂದೂ ಕೈಕೊಟ್ಟಿತು. ದೇವರ ಮನೆಯಲ್ಲಿ ಒಂದಂಗುಲ ಉರಿಯಲು ಐದು ನಿಮಿಷ ಹಿಡಿದಿದ್ದ ಕಡ್ಡಿ ಆಷಾಢದ ಗಾಳಿಯಲ್ಲಿ ಮೂರೇ ನಿಮಿಷಕ್ಕೆ ಮುಗಿಯಿತು.

ಅಮಾವಾಸ್ಯೆಯ ಕತ್ತಲೇ ಬೇಕಿತ್ತು. ಆದರೆ ಭೀಮನ ಅಮಾವಾಸ್ಯೆಯ ಸಂಜೆ ಹೊಲ ಸುತ್ತುವ ಗಂಡನನ್ನು ಯಾವ ಹೆಂಡತಿ ಸಹಿಸುತ್ತಾಳೆ? ಹಿಂದಿನ ದಿನವೇ ಹೊರಟೆವು. ಖಾಲಿ ಬಯಲಿನಲ್ಲಿ ಸೈಕಲ್ಲು, ಕೊಡ, ಕುಡುಗೋಲು, ಕೆಂಪು ಸೀರೆ ಹರಡಿ, ಮಕ್ಕಳಿಗೆ ಮೇಲಿನ ಬೆಳಕಿನಲ್ಲಿ ಏನೇನು ಕಂಡಿತು ಎಂದು ಬರೆಯಲು ಹೇಳಿದ್ದೆ. ಪಟ ಬಯಲಿನ ನೆತ್ತಿಯ ಮೇಲೇ ಇತ್ತು. ನೂಲು ಸುಟ್ಟಿತು, ಕೊಡೆ ಅರಳಿತು, ಮಕ್ಕಳು ಕೂಗಿದರು. ದೀಪ ಮಾತ್ರ ನಮ್ಮನ್ನು ಬಿಟ್ಟು ತೇಲುತ್ತ ತೇಲುತ್ತ ಪಕ್ಕದ ಹಿಪ್ಪುನೇರಳೆ ತೋಟಕ್ಕೆ ಇಳಿಯಿತು. ಹುಡುಗರು ಅದರ ಹಿಂದೆ ಓಡಿದರು. “ಸೊಪ್ಪು ತುಳಿದರೆ ಹುಳುವಿಗೆ ಏನು ಹಾಕಲಿ ಮೇಷ್ಟ್ರೇ?” ಎಂದು ತೋಟದ ಯಜಮಾನರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹುಳು ನಾಲ್ಕನೆಯ ಜ್ವರ, ಅಂದರೆ ನಾಲ್ಕನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿತ್ತು, ಒಂದೊಂದು ಎಲೆಯೂ ಬೇಕಾದ ಹೊತ್ತು.

ದೀಪ ಕಟ್ಟುವುದಕ್ಕಿಂತ ಅದನ್ನು ಎಲ್ಲಿ ಬಿಡಬೇಕು ಎಂಬುದೇ ದೊಡ್ಡ ಕೆಲಸ ಎಂದು ಆಗ ಅರ್ಥವಾಯಿತು. ಬಿದ್ದ ಜಾಗವನ್ನು ಹೆಜ್ಜೆ ಹಾಕಿ ಅಳೆದೆವು. 18 ಸೆಕೆಂಡಿನಲ್ಲಿ ಸುಮಾರು 90 ಮೀಟರ್ ತೇಲಿತ್ತು. ಹಾಗಾದರೆ ಅರ್ಧದಾರಿ ಇಳಿಯುವಾಗ ಬಯಲಿನ ಮೇಲಿರಲು ಗಾಳಿ ಬರುವ ದಿಕ್ಕಿಗೆ 45 ಮೀಟರ್ ಹಿಂದೆ ಬಿಡಬೇಕು. ವಿಮಾನದವರೂ ಗುರಿಯ ನೆತ್ತಿಯಲ್ಲಿ ಬಿಡದೆ ಗಾಳಿಯ ಮೇಲ್ಬದಿಗೆ ಹೋಗಿ ಬಿಡುತ್ತಿದ್ದದ್ದು ಇದಕ್ಕೇ. ಪಟದ ಗೂಟ ಕಿತ್ತು ಹಿಂದಕ್ಕೆ ನೆಟ್ಟೆವು.

ಎರಡನೆಯ ಸಲ ದೀಪ ಸರಿಯಾಗಿ ಬಯಲನ್ನು ದಾಟಿತು. ಹುಣ್ಣಿಮೆಗೆ ಸಮೀಪದ ಬೆಳಕು. ಸೈಕಲ್ಲಿನ ನೆರಳು ಎದ್ದು ನಡೆದು, ಹೊರಳಿ, ಇನ್ನೊಂದು ಕಡೆಗೆ ಉದ್ದವಾಗಿ ಚಾಚಿತು. ಯಾರೂ ಅಲ್ಲಾಡದಿದ್ದರೂ ಬಯಲಿನಲ್ಲಿ ಹತ್ತಾರು ಜನ ಓಡಾಡಿದಂತಿತ್ತು. ಇಂಥ ಬೆಳಕಿನಲ್ಲಿ ಕಾವಲು ಕೂತ ಸಿಪಾಯಿ ನೆರಳಿಗೆ ಗುಂಡು ಹಾರಿಸಿದರೆ ತಪ್ಪು ಹೇಳಲಾರೆ.

ಮಕ್ಕಳ ಪಟ್ಟಿ ತಾಳೆ ನೋಡಿದಾಗ ಒಂದು ಸಂಗತಿ ಗಮನಕ್ಕೆ ಬಂದಿತು. ದೀಪ ನಮ್ಮ ಬೆನ್ನ ಹಿಂದೆ ಇದ್ದಾಗ ಕುಡುಗೋಲು, ಕೊಡ ಎಲ್ಲ ಬಿಡಿಬಿಡಿಯಾಗಿ ಕಂಡಿದ್ದವು. ಅದು ಎದುರಿಗೆ ಹೋದಾಗ ಸೈಕಲ್ಲಿನ ಕಪ್ಪು ಆಕಾರ ಮಾತ್ರ ಉಳಿದಿತ್ತು. ಎರಡನೆಯ ಮಹಾಯುದ್ಧದಲ್ಲಿ, 1942ರ ಆಗಸ್ಟ್ 9ರ ನಸುಕಿನಲ್ಲಿ, ಪೆಸಿಫಿಕ್ ಸಾಗರದ ಸಾವೋ ದ್ವೀಪದ ಬಳಿ ಜಪಾನೀಯರಿಗೆ ಬೇಕಾದದ್ದು ಆ ಕಪ್ಪು ಆಕಾರವೇ. ಅವರ ವಿಮಾನಗಳು ಎದುರಾಳಿ ಹಡಗುಗಳ ಹಿಂಬದಿಯಲ್ಲಿ ದೀಪ ಇಳಿಸಿದವು, ಮುಂಬದಿಯಿಂದ ಅವರ ಹಡಗುಗಳು ಗುಂಡು ಹಾರಿಸಿದವು. ನಾಲ್ಕು ದೊಡ್ಡ ಕ್ರೂಸರ್‌ಗಳು ಹೋದವು. ಕೆಂಪು ಸೀರೆಯನ್ನು ಎಲ್ಲ ಮಕ್ಕಳೂ ಕಪ್ಪು ಎಂದೇ ಬರೆದಿದ್ದರು. ಅಷ್ಟು ಮಂದ ಬೆಳಕಿನಲ್ಲಿ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ.

ಮೂರನೆಯ ಸಲ ಗಾಳಿ ತಿರುಗಿ ದೀಪ ಹುಣಸೆಮರದ ತುದಿಗೆ ಸಿಕ್ಕಿಕೊಂಡಿತು. ಸೇನೆಯದು ಮೂರು ನಿಮಿಷಕ್ಕೆ ಆರುತ್ತದೆ. ನನ್ನದು ಬ್ಯಾಟರಿ ಮುಗಿಯುವವರೆಗೆ, ಅಂದರೆ ರಾತ್ರಿ ಹನ್ನೊಂದರವರೆಗೆ, ಅಲ್ಲೇ ಉರಿಯಿತು. ಊರ ಹಿರಿಯರಿಗೆ ನಾನು ಮುಂಚೆಯೇ ತಿಳಿಸಿದ್ದೆ. ಎರಡನೇ ಆಟದ ಸಿನಿಮಾಕ್ಕೆಂದು ಆ ದಾರಿಯಲ್ಲಿ ಹೊರಟ ಇಬ್ಬರಿಗೆ ಯಾರೂ ತಿಳಿಸಿರಲಿಲ್ಲ. ಹುಣಸೆಮರ, ಅಮಾವಾಸ್ಯೆಯ ಹಿಂದಿನ ರಾತ್ರಿ, ತುದಿಯಲ್ಲಿ ಬಿಳಿ ಬೆಳಕು. ಅವರು ಬಿಟ್ಟು ಓಡಿದ ಚಪ್ಪಲಿಗಳನ್ನು ಬೆಳಗ್ಗೆ ಕೊಡೆ ಇಳಿಸಲು ಹೋದ ಹುಡುಗರು ತಂದುಕೊಟ್ಟರು.