ಅಪ್ರದಕ್ಷಿಣೆಯಾಗಿ ಸುತ್ತಿದ ಸ್ಯಾನ್ ವಾನ್ ದಾರಿ

ಅಮೆರಿಕದ ಕೊಲೊರಾಡೊ ರಾಜ್ಯದ ಬೆಟ್ಟಗಳನ್ನು ಸುತ್ತುವ ಸ್ಯಾನ್ ವಾನ್ ಸ್ಕೈವೇ ಎಂಬ ರಸ್ತೆಯಲ್ಲಿ ನಾನು ಮೊದಲ ಸಲ ಕಾರು ಓಡಿಸಿದ್ದು ತಪ್ಪು ದಿಕ್ಕಿನಲ್ಲಿ. ಯೂರೇ ಪಟ್ಟಣದಿಂದ ಸಿಲ್ವರ್ಟನ್ ಕಡೆಗೆ, ಅದೂ ಬೆಳಕು ಇಳಿಯುವ ಹೊತ್ತಿನಲ್ಲಿ ಹತ್ತಿದ್ದೆ. ಅಮೆರಿಕದಲ್ಲಿ ಗಾಡಿ ಓಡುವುದು ಬಲಗಡೆ, ಆ ದಿಕ್ಕಿನಲ್ಲಿ ಬಲಗಡೆ ಇರುವುದು ಕಮರಿ. ಬಿಳಿ ಗೆರೆ ದಾಟಿದರೆ ಒಂದಿಷ್ಟು ಡಾಂಬರು, ಆಮೇಲೆ ಏನೂ ಇಲ್ಲ. ಬಹುಪಾಲು ಕಡೆ ತಡೆಗೋಡೆಯೂ ಇಲ್ಲ. ಪಕ್ಕದಲ್ಲಿದ್ದ ಗೆಳತಿ ಕಣ್ಣು ಮುಚ್ಚಿ ಕೂತಿದ್ದಳು. ನೋಡಲೆಂದೇ ಬಂದ ದಾರಿಯನ್ನು ನಾವಿಬ್ಬರೂ ನೋಡಲಿಲ್ಲ.

ತಪ್ಪು ನನ್ನ ತಿಳಿವಳಿಕೆಯದು. ದಾರಿಯುದ್ದಕ್ಕೂ ನೀಲಿ ಕೊಲಂಬೈನ್ ಹೂವಿನ ಫಲಕ ಸಿಗುತ್ತದೆ. ಅದು ಕೊಲೊರಾಡೊ ರಾಜ್ಯದ ಹೂವು, ಸರ್ಕಾರ ‘ಸೀನಿಕ್ ಬೈವೇ’, ಅಂದರೆ ನೋಡಲು ಚೆಂದದ ದಾರಿ, ಎಂದು ಘೋಷಿಸಿದ ರಸ್ತೆಗಳ ಗುರುತು. ಸರ್ಕಾರವೇ ಆರಿಸಿದ ದಾರಿ ಎಂದಮೇಲೆ ಅಗಲವಾಗಿ, ಸುಲಭವಾಗಿ ಇರುತ್ತದೆ ಎಂದುಕೊಂಡಿದ್ದೆ. ಆ ಫಲಕ ಹೇಳುವುದು ಇಷ್ಟೇ: ಇಲ್ಲಿ ನೋಡುವಂಥದ್ದು, ತಿಳಿಯುವಂಥದ್ದು ಇದೆ. ಸುಲಭ ಎಂದು ಅದು ಎಲ್ಲೂ ಹೇಳುವುದಿಲ್ಲ.

ಕೊಲೊರಾಡೊದಲ್ಲಿ ಈ ಕಾರ್ಯಕ್ರಮ ಶುರುವಾಗಿದ್ದು 1989ರಲ್ಲಿ. ಈಗ ಇಂಥ 26 ದಾರಿಗಳಿವೆ. ಅವುಗಳ ಪೂರ್ತಿ ಹೆಸರಿನಲ್ಲಿ ‘ಸೀನಿಕ್’ ಜೊತೆಗೆ ‘ಹಿಸ್ಟಾರಿಕ್’ ಎಂಬ ಮಾತೂ ಇದೆ, ಅದನ್ನು ನಾನು ಎರಡನೇ ಸಲವೇ ಗಮನಿಸಿದ್ದು. ಸ್ಯಾನ್ ವಾನ್ ಸ್ಕೈವೇಗೆ 1996ರಲ್ಲಿ ಕೇಂದ್ರ ಸರ್ಕಾರದ ‘ಆಲ್ ಅಮೆರಿಕನ್ ರೋಡ್’ ಮನ್ನಣೆಯೂ ಸಿಕ್ಕಿತು. ಡ್ಯುರಾಂಗೊದಿಂದ ಹೊರಟು ಸಿಲ್ವರ್ಟನ್, ಯೂರೇ, ರಿಜ್‌ವೇ, ಟೆಲ್ಯುರೈಡ್, ರೀಕೊ, ಡೊಲೋರೆಸ್, ಕೋರ್ಟೆಜ್ ಮುಟ್ಟಿ ಮತ್ತೆ ಡ್ಯುರಾಂಗೊಗೆ ಬರುವ 236 ಮೈಲಿಯ ಸುತ್ತು. ನಮ್ಮ ಲೆಕ್ಕದಲ್ಲಿ ಸುಮಾರು 380 ಕಿಲೋಮೀಟರ್.

ಅಪ್ಪ ಅಮ್ಮ ಚಿಕ್ಕಮಗಳೂರಿನಿಂದ ಬಂದ ವರ್ಷ ಈ ಸುತ್ತನ್ನು ಸರಿಯಾಗಿ ಮಾಡಬೇಕು ಅನ್ನಿಸಿತು. ಅಪ್ಪ ಕೆಎಸ್ಸಾರ್ಟಿಸಿಯಲ್ಲಿ ಚಾಲಕರಾಗಿದ್ದವರು, ಚಾರ್ಮಾಡಿ ಘಾಟಿಯಲ್ಲಿ ಎಷ್ಟು ಮಳೆಗಾಲ ಬಸ್ಸು ಇಳಿಸಿದ್ದಾರೋ ಅವರಿಗೇ ಲೆಕ್ಕವಿಲ್ಲ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿ ಇಳಿಸುವುದು ನನಗೆ ಪರೀಕ್ಷೆಯೇ.

ಮೊದಲು ದಿಕ್ಕು ನಿರ್ಧರಿಸಿದೆ. ಡ್ಯುರಾಂಗೊದಿಂದ ಉತ್ತರಕ್ಕೆ ಹೊರಟರೆ ಸಿಲ್ವರ್ಟನ್–ಯೂರೇ ನಡುವಿನ ಕಡಿದಾದ ಭಾಗದಲ್ಲಿ ನಮ್ಮ ಗಾಡಿ ಬೆಟ್ಟದ ಮಗ್ಗುಲಿಗೆ ಇರುತ್ತದೆ. ಕಮರಿ ಎದುರಿನಿಂದ ಬರುವವರ ಪಾಲಿಗೆ. ನಕ್ಷೆಯ ಮೇಲೆ ಬೆರಳಾಡಿಸಿ ತೋರಿಸಿದಾಗ ಅಮ್ಮನ ಮುಖ ಸಪ್ಪಗಾಯಿತು. “ಇದು ಅಪ್ರದಕ್ಷಿಣೆ ಆಯ್ತಲ್ಲೇ?” ಅಪ್ಪ ಕನ್ನಡಕ ಏರಿಸಿ ನೋಡಿದರು. “ಬಲಗಡೆ ಓಡಿಸೋ ಊರಲ್ಲಿ ಇದೇ ಸರಿ ಕಣೆ. ಗಾಡಿ ಗುಡ್ಡ ಹಿಡ್ಕೊಂಡು ಹೋಗ್ಬೇಕು.” ಅಮ್ಮ ಮತ್ತೆ ಆ ಮಾತು ಎತ್ತಲಿಲ್ಲ.

ಎರಡನೆಯದು ಎತ್ತರ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಡ್ಯುರಾಂಗೊ ಪೇಟೆಯೇ ತುಸು ಮೇಲಿದೆ. ಸಿಲ್ವರ್ಟನ್ 9,318 ಅಡಿ, ಅಲ್ಲಿಂದ ಮುಂದಿನ ರೆಡ್ ಮೌಂಟನ್ ಕಣಿವೆದಾರಿ, ಅಂದರೆ ಬೆಟ್ಟ ದಾಟುವ ಜಾಗ, 11,018 ಅಡಿ. ಅಮ್ಮನಿಗೆ ಬಿಪಿ ಇದೆ. ಆದ್ದರಿಂದ ಹೊರಡುವ ಮುಂಚೆ ಅವರ ವೈದ್ಯರನ್ನು ಕೇಳಿದೆ, ಡ್ಯುರಾಂಗೊದಲ್ಲಿ ಎರಡು ರಾತ್ರಿ ತಂಗಿದೆವು. ಬಾಯಾರಲಿ ಬಿಡಲಿ ನೀರು ಕುಡಿಸುತ್ತಿದ್ದೆ. ಎತ್ತರದಲ್ಲಿ ಹೊತ್ತು ಕಳೆಯುವುದು ಸರಿ, ಮಲಗುವುದಕ್ಕೆ ತಗ್ಗಿನ ಊರು ಹುಡುಕಿ ಎಂಬುದು ನನ್ನ ಸಲಹೆ. ಸಿಲ್ವರ್ಟನ್‌ನಲ್ಲಿ ಕಾಫಿ ಕುಡಿದು, ರಾತ್ರಿಗೆ 7,792 ಅಡಿಯ ಯೂರೇಗೆ ಇಳಿಯುವುದು ಎಂದು ಗೊತ್ತುಮಾಡಿಕೊಂಡೆವು.

ತಿಂಗಳು ಸೆಪ್ಟೆಂಬರ್ ಕೊನೆಯ ವಾರ. ಆಸ್ಪೆನ್ ಮರಗಳು ಹಳದಿಗೆ ತಿರುಗುವ ಕಾಲ ಅದು, ತಡ ಮಾಡಿದರೆ ಹಿಮ ಬಿದ್ದು ರಸ್ತೆ ಜಾರುತ್ತದೆ. ರಾಜ್ಯ ಸಾರಿಗೆ ಇಲಾಖೆಯ ಕೋಟ್ರಿಪ್ ತಾಣದಲ್ಲಿ ರಸ್ತೆಯ ಸ್ಥಿತಿ ನೋಡಿಕೊಂಡೇ ಬೆಳಿಗ್ಗೆ ಹೊರಟೆ. ಮೊಬೈಲ್ ಸಿಗ್ನಲ್ ಕಣಿವೆಗಳಲ್ಲಿ ಸಾಯುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು. ಪೆಟ್ರೋಲು ಡ್ಯುರಾಂಗೊದಲ್ಲೇ ತುಂಬಿಸಿ.

ಡ್ಯುರಾಂಗೊ ಬಿಟ್ಟು ಕೋಲ್ ಬ್ಯಾಂಕ್, ಮೋಲಸ್ ಎಂಬ ಎರಡು ಕಣಿವೆದಾರಿ ಹತ್ತಿಳಿದರೆ ಸಿಲ್ವರ್ಟನ್. ಅಲ್ಲಿಂದ ಯೂರೇಗೆ ಸುಮಾರು 25 ಮೈಲಿ. ಜನ ‘ಮಿಲಿಯನ್ ಡಾಲರ್ ಹೈವೇ’ ಎನ್ನುವುದು ಇದನ್ನೇ. ಕಣಿವೆದಾರಿಯ ನೆತ್ತಿಯಿಂದ ಯೂರೇವರೆಗೆ ಮೂರು ಸಾವಿರ ಅಡಿಗೂ ಹೆಚ್ಚು ಇಳಿತ. ತಿರುವುಗಳಲ್ಲಿ ಗಂಟೆಗೆ 10, 15 ಮೈಲಿ ಎಂಬ ಫಲಕಗಳಿರುತ್ತವೆ, ಅವು ಸುಮ್ಮನೆ ಬರೆದದ್ದಲ್ಲ.

ನೆತ್ತಿಯಲ್ಲಿ ಕಾರು ನಿಲ್ಲಿಸಿದಾಗ ಅಪ್ಪ ಹೇಳಿದ್ದು ಒಂದೇ ಮಾತು: “ಹತ್ತಿದ ಗೇರಲ್ಲೇ ಇಳೀಬೇಕು ಮಗಾ.” ನನ್ನದು ಆಟೊಮ್ಯಾಟಿಕ್ ಕಾರು, ಅದರಲ್ಲೂ ಗೇರನ್ನು ಕೈಯಾರೆ ತಗ್ಗಿಸುವ ಅನುಕೂಲ ಇದೆ. ಎರಡಕ್ಕೆ ತಂದು ಬಿಟ್ಟೆ. ಎಂಜಿನ್ನು ಗುರ್ ಎಂದು ಗಾಡಿಯನ್ನು ಹಿಡಿದುಕೊಂಡಿತು. ಬ್ರೇಕನ್ನು ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡುವುದು, ತಿರುವಿನೊಳಗೆ ತುಳಿಯದಿರುವುದು. ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬಂದರೆ ಅದು ಕಾದು ಹಿಡಿತವೇ ಇಲ್ಲದಂತಾಗುತ್ತದೆ. ಹಿಂದೆ ಗಾಡಿಗಳು ಸಾಲುಗಟ್ಟಿದರೆ ಪಕ್ಕದ ಜಾಗಕ್ಕೆ ಸರಿದು ದಾರಿ ಬಿಟ್ಟುಕೊಟ್ಟೆ.

ಇಳಿಯುತ್ತಾ ಅಪ್ಪ ಕೇಳಿದರು: “ಇಷ್ಟು ದುಡ್ಡಿರೋ ದೇಶ, ಒಂದು ತಡೆಗೋಡೆ ಕಟ್ಟಕ್ಕಾಗಲ್ವಾ?” ನಾನು ಓದಿಕೊಂಡಿದ್ದನ್ನು ಹೇಳಿದೆ. ಚಳಿಗಾಲದಲ್ಲಿ ಇಲ್ಲಿ ಆಳುದ್ದ ಹಿಮ ಬೀಳುತ್ತದೆ. ಅದನ್ನು ತಳ್ಳುವ ಗಾಡಿಗೆ ಹಿಮ ಹಾಕಲು ಕಮರಿಯೊಂದೇ ಜಾಗ. ಗೋಡೆ ಕಟ್ಟಿದರೆ ಹಿಮ ರಸ್ತೆಯಲ್ಲೇ ಉಳಿಯುತ್ತದೆ. ಮೇಲಿನ ಬೆಟ್ಟದಿಂದ ಹಿಮ ಕುಸಿಯುವ ಜಾಗಗಳೂ ಈ ದಾರಿಯಲ್ಲಿ ಬಹಳ. ಅಪಾಯ ಹೆಚ್ಚಿದಾಗ ರಸ್ತೆ ಮುಚ್ಚಿ, ಸ್ಫೋಟಕ ಹಾರಿಸಿ ಹಿಮವನ್ನು ತಾವೇ ಬೀಳಿಸುತ್ತಾರೆ.

ಮುಂದೆ ಒಂದು ಕಡೆ ಅಪ್ಪನಿಗೆ ತೋರಿಸಲೆಂದೇ ನಿಲ್ಲಿಸಿದೆ. ಹಿಮ ತೆಗೆಯುತ್ತಿದ್ದಾಗ ಕುಸಿತಕ್ಕೆ ಸಿಕ್ಕಿ ತೀರಿಕೊಂಡ ಚಾಲಕರ ಸ್ಮಾರಕ ಅದು. 1970, 1978, 1992ರಲ್ಲಿ ಒಬ್ಬೊಬ್ಬರು. ಅಪ್ಪ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಮೂರೂ ಹೆಸರು ಓದಿದರು. ಚಾರ್ಮಾಡಿಯಲ್ಲಿ ಅಣ್ಣಪ್ಪ ಸ್ವಾಮಿ ಗುಡಿ ಮುಂದೆ ನಿಲ್ಲಿಸದೆ ಅವರು ಬಸ್ಸು ದಾಟಿಸಿದವರಲ್ಲ. ಇಲ್ಲಿ ಆ ಚಳಿಯಲ್ಲಿ ಶೂ ಬಿಚ್ಚಿಟ್ಟು ಕೈ ಮುಗಿದರು. “ಡ್ಯೂಟಿ ಮೇಲಿದ್ದೋರು” ಎಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಯೂರೇ ಸಮೀಪ ಬೇರ್ ಕ್ರೀಕ್ ಜಲಪಾತವಿದೆ. 1880ರ ದಶಕದಲ್ಲಿ ಆಟೊ ಮಿಯರ್ಸ್ ಎಂಬಾತ ಬಂಡೆ ಸಿಡಿಸಿ ಗಣಿಗಳಿಗೆ ದಾರಿ ಮಾಡಿ, ಸುಂಕ ವಸೂಲು ಮಾಡುತ್ತಿದ್ದದ್ದು ಇಲ್ಲೇ. ಈಗಿನ ಹೆದ್ದಾರಿ ಬಹುಮಟ್ಟಿಗೆ ಅದೇ ಜಾಡಿನಲ್ಲಿದೆ. ಅದಕ್ಕೂ ಮುಂಚೆ ಈ ಬೆಟ್ಟಗಳು ಯೂಟ್ ಎಂಬ ಮೂಲನಿವಾಸಿ ಜನರವು. ಬೆಳ್ಳಿ, ಚಿನ್ನ ಸಿಕ್ಕಿತೆಂದು 1873ರ ಬ್ರುನೊ ಒಪ್ಪಂದದಲ್ಲಿ ಇವನ್ನು ಅವರಿಂದ ಬಿಡಿಸಿಕೊಂಡರು. ಯೂರೇ ಎಂಬುದೂ ಅವರ ಮುಖಂಡನ ಹೆಸರೇ. ಊರಿಗೆ ಹೆಸರು ಉಳಿಯಿತು, ಆ ಜನ ಅಲ್ಲಿ ಉಳಿಯಲಿಲ್ಲ. ಇದನ್ನು ತಿಳಿಯದೆ ಈ ದಾರಿಯಲ್ಲಿ ಬರಿಯ ಫೋಟೊ ತೆಗೆದು ಹೋಗುವುದು ನನಗೆ ಸರಿಕಾಣುವುದಿಲ್ಲ.

ಯೂರೇಯಲ್ಲಿ ಕಾರು ನಿಲ್ಲಿಸಿದ್ದೇ ತಡ, ಅಪ್ಪ ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದರು. ಡಿಪೊದಲ್ಲಿದ್ದಾಗಿನ ಅಭ್ಯಾಸ. “ಬಿಸಿಯೇ ಇಲ್ಲ. ಚೆನ್ನಾಗಿ ಇಳಿಸ್ದೆ.” ಹದಿನೆಂಟು ವರ್ಷಕ್ಕೆ ಡ್ರೈವಿಂಗ್ ಕಲಿಸಿದವರು, ಅಷ್ಟು ಸಲೀಸಾಗಿ ಹೊಗಳಿದ್ದು ನನಗೆ ನೆನಪಿಲ್ಲ.

ಅವತ್ತು ರಾತ್ರಿ ಅಮ್ಮ ಪುಟ್ಟ ಕರೆಂಟ್ ಕುಕ್ಕರಿನಲ್ಲಿ ಅನ್ನಕ್ಕಿಟ್ಟರು. ಅಗುಳಿನ ನಡುವೆ ಗಟ್ಟಿ ಉಳಿಯಿತು. ಆ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ, ಇನ್ನಷ್ಟು ನೀರು, ಇನ್ನಷ್ಟು ಹೊತ್ತು ಬೇಕು. ಅನ್ನ ಬಿಡಲಾಗದವರು ಸೀಟಿ ಹೊಡೆಯುವ ಚಿಕ್ಕ ಕುಕ್ಕರನ್ನೇ ಒಯ್ಯಿರಿ, ವಸತಿಯಲ್ಲಿ ಒಲೆ ಇದೆಯೇ ಎಂದು ಮೊದಲೇ ವಿಚಾರಿಸಿ.

ಮರುದಿನ ರಿಜ್‌ವೇ ದಾಟಿ ಡಲ್ಲಾಸ್ ಡಿವೈಡ್ ಏರಿದಾಗ ಸ್ನೆಫೆಲ್ಸ್ ಶಿಖರದ ಕೆಳಗೆ ಇಡೀ ಗುಡ್ಡ ಅರಿಶಿನ ಎರಚಿದ ಹಾಗಿತ್ತು. ಆಸ್ಪೆನ್ ಮರಗಳು ಬೇರಿನಿಂದ ಬೇರಿಗೆ ಹಬ್ಬಿ ಗುಂಪಾಗಿ ಬೆಳೆಯುತ್ತವೆ, ಹಾಗಾಗಿ ಒಂದೊಂದು ಗುಂಪು ಒಟ್ಟಿಗೇ ಬಣ್ಣಕ್ಕೆ ತಿರುಗುತ್ತದೆ. ಗಾಳಿಯೇ ಇಲ್ಲವೆನ್ನುವಾಗಲೂ ಎಲೆಗಳು ನಡುಗುತ್ತಿದ್ದವು. ಅಮ್ಮ ಒಂದು ಎಲೆ ಎತ್ತಿ ತೊಟ್ಟನ್ನು ತಿರುಗಿಸಿ ನೋಡಿ, “ಥೇಟ್ ಅರಳಿ ಎಲೆ ಕಣೆ” ಎಂದರು. ಸರಿಯಾಗೇ ಹೇಳಿದ್ದರು, ಇದರ ತೊಟ್ಟು ಚಪ್ಪಟೆ, ಅದಕ್ಕೇ ಸಣ್ಣ ಉಸಿರಿಗೂ ಅಲ್ಲಾಡುತ್ತದೆ. ಒಂದು ಗಂಟೆ ನಿಲ್ಲೋಣವೆಂದುಕೊಂಡ ಜಾಗದಲ್ಲಿ ಮೂರು ಗಂಟೆ ಕೂತೆವು. ಚಿತ್ರಾನ್ನದ ಡಬ್ಬಿ ಅಲ್ಲೇ ಖಾಲಿಯಾಯಿತು. ಇಡೀ ಸುತ್ತನ್ನು ಒಂದೇ ದಿನದಲ್ಲಿ ಮುಗಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಟೆಲ್ಯುರೈಡ್‌ನಲ್ಲಿ ಹೆಚ್ಚು ನಿಲ್ಲಲಿಲ್ಲ. ಲಿಜರ್ಡ್ ಹೆಡ್ ಕಣಿವೆದಾರಿ ದಾಟಿದ ಮೇಲೆ ರಸ್ತೆ ಡೊಲೋರೆಸ್ ಹೊಳೆಯ ಜೊತೆಗೇ ಇಳಿಯುತ್ತದೆ, ಓಡಿಸುವವರ ಭುಜ ಸಡಿಲವಾಗುವುದು ಅಲ್ಲೇ. ಕೊನೆಯ ದಿನ ಮೆಸಾ ವರ್ಡಿ. ಪ್ಯೂಬ್ಲೊ ಎಂಬ ಮೂಲನಿವಾಸಿ ಜನರ ಪೂರ್ವಿಕರು ಬಂಡೆಯ ಹೊಟ್ಟೆಯೊಳಗೆ ಕಟ್ಟಿದ ಮನೆಗಳು, 1906ರಿಂದ ರಾಷ್ಟ್ರೀಯ ಉದ್ಯಾನ. ಏಣಿ ಹತ್ತುವ ಜಾಗಗಳಿಗೆ ಅಮ್ಮ ಬರಲಾರರು ಎಂದು ಮೇಲಿನ ಕಟ್ಟೆಯಿಂದಲೇ ನೋಡಿದೆವು.

ಸಂಜೆ ಡ್ಯುರಾಂಗೊ ಸೇರಿದಾಗ ಅಪ್ಪ ಕಿಸೆಯಿಂದ ಪುಟ್ಟ ಪುಸ್ತಕ ತೆಗೆದರು. ಹೊರಟ ಬೆಳಿಗ್ಗೆಯೇ ಮೀಟರಿನ ಅಂಕಿ ಬರೆದಿಟ್ಟುಕೊಂಡಿದ್ದರಂತೆ. ಕೂಡಿ ಕಳೆದು, “ಇನ್ನೂರ ಎಂಬತ್ತೆಂಟು ಮೈಲಿ ಆಗಿದೆ, ನೀನು ಇನ್ನೂರ ಮೂವತ್ತಾರು ಅಂದಿದ್ದೆ” ಎಂದರು. ಮೆಸಾ ವರ್ಡಿ ಹತ್ತಿಳಿದದ್ದು, ಪೇಟೆಗಳೊಳಗೆ ಸುತ್ತಿದ್ದು ಎಂದೆ. ತಲೆಯಾಡಿಸಿ ಅದನ್ನೂ ಪಕ್ಕದಲ್ಲಿ ಬರೆದುಕೊಂಡರು. ಪುಸ್ತಕ ಮುಚ್ಚಿ, ನಾಳೆ ಎಷ್ಟು ಗಂಟೆಗೆ ಗಾಡಿ ಬಿಡಬೇಕು ಎಂದು ಕೇಳಿದರು.